ಸ್ಟೇಪಿಸ್ ಆಪರೇಷನ್ ಆದಮೇಲೆ ಒಳಕಿವಿಯ ಮೂಳೆ ಯಾವಾಗ ಕೂಡುತ್ತದೆ?

ಒಳಕಿವಿಯ ಬಾಗಿಲಲ್ಲಿ ಅಲುಗಾಡುತ್ತಾ ಶಬ್ದವನ್ನು ಒಳಗೆ ಸಾಗಿಸುವ ಪುಟ್ಟ ಮೂಳೆ ಸ್ಟೇಪಿಸ್. ಅದು ಬಿಗಿದುಕೊಂಡು ಕಿವಿ ಮಂದವಾಗುವ ಕಾಯಿಲೆ ಆಟೋಸ್ಕ್ಲೆರೋಸಿಸ್. ಇದಕ್ಕೆ ಸ್ಟೇಪಿಸ್ ಆಪರೇಷನ್ ಮಾಡಿಸಿಕೊಂಡವರು ತಪ್ಪದೆ ಕೇಳುವ ಪ್ರಶ್ನೆ: "ಒಳಗೆ ಕೊರೆದ ತೂತು ಎಷ್ಟು ದಿನಕ್ಕೆ ಮುಚ್ಚುತ್ತೆ ಡಾಕ್ಟ್ರೇ?" ಸಾಮಾನ್ಯವಾಗಿ ಮೂಳೆ ಬೆಳೆದು ಅದು ಮುಚ್ಚುವುದಿಲ್ಲ. ಮುಚ್ಚಬಾರದು ಕೂಡ.

ಕೈಮೂಳೆ ಮುರಿದರೆ ಗಂಟು ಕಟ್ಟಿ ಕೂಡುತ್ತದೆ. ಒಳಕಿವಿಯ ಸುತ್ತಲಿನ ಮೂಳೆಯ ಜಾಯಮಾನವೇ ಬೇರೆ. ದೇಹದ ಅತಿ ಗಟ್ಟಿ ಮೂಳೆಗಳಲ್ಲಿ ಇದೊಂದು, ಆದರೆ ಹಳತು ಕರಗಿ ಹೊಸತಾಗುವ ಕೆಲಸ ಇಲ್ಲಿ ನಡೆಯುವುದೇ ಅಪರೂಪ. ಒಳಕಿವಿ ಸ್ರವಿಸುವ ಆಸ್ಟಿಯೋಪ್ರೊಟೆಜೆರಿನ್ ಎಂಬ ಪ್ರೋಟೀನ್ ಮೂಳೆ ಕರಗಿಸುವ ಕೋಶಗಳನ್ನು ತಡೆದಿಡುತ್ತದೆ. ಅಪಘಾತದಲ್ಲಿ ಈ ಮೂಳೆ ಸೀಳಿದರೆ ಬಿರುಕನ್ನು ಹೆಚ್ಚಾಗಿ ನಾರಿನ ಅಂಗಾಂಶವಷ್ಟೇ ತುಂಬುತ್ತದೆ; ವರ್ಷಗಳ ನಂತರವೂ ಕಿವಿಸೋಂಕು ಆ ದಾರಿಯಲ್ಲಿ ಮಿದುಳುಪೊರೆ ಮುಟ್ಟುವ ಅಪಾಯ ಉಳಿದೇ ಇರುತ್ತದೆ.

ಹಾಗೆಂದು ಮೂಳೆ ಬೆಳೆಯುವುದೇ ಇಲ್ಲ ಎನ್ನುವಂತಿಲ್ಲ. 1938ರಲ್ಲಿ ಲೆಂಪರ್ಟ್ ಎಂಬ ಕಿವಿ ಸರ್ಜನ್ ಇದೇ ಕಾಯಿಲೆಗೆ ಒಳಕಿವಿಯ ಅರ್ಧವೃತ್ತ ನಾಳಕ್ಕೆ ಕಿಟಕಿ ಕೊರೆಯುವ ಒಂದೇ ಹಂತದ ವಿಧಾನ ತಂದಾಗ ಎದುರಾದ ದೊಡ್ಡ ತಲೆನೋವೇ ಕಿಟಕಿ ಮತ್ತೆ ಮೂಳೆಯಿಂದ ಮುಚ್ಚಿಕೊಳ್ಳುವುದು. ಅಂಚಿನ ಪೊರೆಗಳಿಗೆ ಮೂಳೆ ಕಟ್ಟುವ ಶಕ್ತಿಯಿದೆ, ಕೊರೆದ ಪುಡಿ ಅಲ್ಲೇ ಉಳಿದರೆ ಅದಕ್ಕೆ ಬೀಜವಾಗುತ್ತದೆ.

1956ರಲ್ಲಿ ಇನ್ನೊಬ್ಬ ಕಿವಿ ಸರ್ಜನ್ ಶಿಯಾ ಶುರುಮಾಡಿದ ದಾರಿಯಲ್ಲೇ ಇಂದಿನ ವಿಧಾನ ಬೆಳೆದಿದೆ. ಸ್ಟೇಪಿಸ್‌ನ ಪಾದದಲ್ಲಿ 0.6ರಿಂದ 0.8 ಮಿ.ಮೀ. ತೂತು, ಅದರೊಳಗೆ 0.4ರಿಂದ 0.6 ಮಿ.ಮೀ. ದಪ್ಪದ ಟೆಫ್ಲಾನ್ ಅಥವಾ ಟೈಟಾನಿಯಂ ಪಿಸ್ಟನ್, ಅಂದರೆ ಸ್ಟೇಪಿಸ್ ಬದಲು ಶಬ್ದ ಸಾಗಿಸುವ ಪುಟ್ಟ ಕಡ್ಡಿ. ಸುತ್ತಲಿನ ಸಂದಿಗೆ ರಕ್ತದ ಹನಿ, ಕೊಬ್ಬು ಅಥವಾ ಅಭಿಧಮನಿಯ ಚೂರು. ಅದರ ಮೇಲೆ ತೆಳು ಪೊರೆ ಬೆಳೆದು ಒಳಕಿವಿಯ ದ್ರವ ಸೋರದಂತೆ ಹಿಡಿಯುತ್ತದೆ. ಪಿಸ್ಟನ್ ಅಲುಗಾಡಲು ಈ ಮೆತ್ತನೆ ಪೊರೆಯೇ ಬೇಕು, ಮೂಳೆ ಹಿಡಿದರೆ ಕಿವಿ ಮತ್ತೆ ಮಂದ.

ಪಥ್ಯವೆಲ್ಲ ಈ ಪೊರೆಗಾಗಿಯೇ. ಮೊದಲ ಕೆಲವು ವಾರ ಮೂಗು ಜೋರಾಗಿ ಸೀದಬೇಡಿ, ಸೀನು ಬಂದರೆ ಬಾಯಿ ತೆರೆದು ಸೀನಿ. ತುಂಬಿದ ಬಿಂದಿಗೆ, ಗ್ಯಾಸ್ ಸಿಲಿಂಡರ್ ಎತ್ತಬೇಡಿ. ಮಲಬದ್ಧತೆಗೆ ಔಷಧ ತೆಗೆದುಕೊಳ್ಳಿ, ಮುಕ್ಕಿರಿಯುವುದೂ ಒತ್ತಡವೇ. ವಿಮಾನಯಾನಕ್ಕೆ ಮುಂಚೆ ನಿಮ್ಮ ಸರ್ಜನ್‌ರನ್ನು ಕೇಳಿ. ಕಿವಿಯೊಳಗೆ ತುಂಬಿಟ್ಟ ಪ್ಯಾಕ್ ತೆಗೆಯುವ ತನಕ ಕೇಳಿಸುವುದು ಮಂಕಾಗಿರುವುದು, ನಾಲಿಗೆ ಒಂದು ಬದಿ ಸಪ್ಪೆಯೆನಿಸುವುದು ಸಾಮಾನ್ಯ. ಮೊದಲೆರಡು ದಿನದ ತಲೆಸುತ್ತೂ ಅಷ್ಟೇ.

ಇಳಿದ ತಲೆಸುತ್ತು ಮರಳಿ ಬಂದು, ಜೊತೆಗೆ ಕೇಳಿಸುವುದೂ ಕುಗ್ಗಿದರೆ ಅದು ಬೇರೆ ಮಾತು. ದ್ರವ ಸೋರುತ್ತಿರಬಹುದು, ಇಲ್ಲವೇ ಪಿಸ್ಟನ್ ಸುತ್ತ ಗ್ರಾನ್ಯುಲೋಮಾ, ಅಂದರೆ ಉರಿಯೂತದ ಗಂಟು ಬೆಳೆದಿರಬಹುದು. ಮುಂದಿನ ತಪಾಸಣೆ ದಿನಕ್ಕೆ ಕಾಯಬೇಡಿ, ಅದೇ ದಿನ ಹೋಗಿ.