ಮೊದಲ ತಲೆಮಾರು ಎಂದರೆ ಯಾರು?

ಅಮೆರಿಕದಲ್ಲಿ ನೆಲೆಸಿರುವ ನಮ್ಮವರ ನಡುವೆ ಕಾಲೇಜು ಅರ್ಜಿಗಳ ಕಾಲ ಬಂದಾಗಲೆಲ್ಲ ಒಂದು ಪ್ರಶ್ನೆ ತಪ್ಪದೆ ಕೇಳಿಬರುತ್ತದೆ: "ನಾವು ಇಲ್ಲಿಗೆ ವಲಸೆ ಬಂದವರು, ಈ ದೇಶದಲ್ಲಿ ಕಾಲೇಜು ಸೇರುತ್ತಿರುವವರಲ್ಲಿ ನಮ್ಮ ಮಗಳೇ ಮೊದಲಿಗಳು, ಹಾಗಾದರೆ ಅವಳು ಫಸ್ಟ್ ಜನರೇಷನ್ ವಿದ್ಯಾರ್ಥಿನಿ ತಾನೇ?" ಹೀಗೆ ಕೇಳುವವರು ಬಹುಮಟ್ಟಿಗೆ ಭಾರತದಲ್ಲಿ ಎಂಜಿನಿಯರಿಂಗ್ ಮುಗಿಸಿ ಬಂದವರು. ಅವರ ಮನಸ್ಸಿನಲ್ಲಿ ಮೋಸದ ಎಣಿಕೆ ಇರುವುದಿಲ್ಲ. ವಲಸೆಯ ತಲೆಮಾರಿಗೂ ಓದಿನ ತಲೆಮಾರಿಗೂ ಇಂಗ್ಲಿಷಿನಲ್ಲಿ ಒಂದೇ ಹೆಸರಿರುವುದರಿಂದ ಈ ಗೊಂದಲ ಹುಟ್ಟುತ್ತದೆ.

1965ರ ಉನ್ನತ ಶಿಕ್ಷಣ ಕಾಯ್ದೆಯಡಿ ನಡೆಯುವ, ಹಿಂದುಳಿದ ಹಿನ್ನೆಲೆಯ ವಿದ್ಯಾರ್ಥಿಗಳಿಗೆ ನೆರವಾಗುವ ಟ್ರಯೋ ಎಂಬ ಸರ್ಕಾರಿ ಯೋಜನೆಗಳಿಗಾಗಿ ಕಾನೂನು ಕೊಟ್ಟಿರುವ ಅರ್ಥದ ಪ್ರಕಾರ, ತಂದೆ ತಾಯಿ ಇಬ್ಬರೂ ಬ್ಯಾಚುಲರ್ ಪದವಿ ಮುಗಿಸದಿದ್ದರೆ, ಅಥವಾ ಮಗು ಒಬ್ಬರ ಆಶ್ರಯದಲ್ಲೇ ಬೆಳೆದಿದ್ದು ಅವರು ಪದವಿ ಮುಗಿಸದಿದ್ದರೆ, ಆ ಮಗು ಮೊದಲ ತಲೆಮಾರಿನ ವಿದ್ಯಾರ್ಥಿ. ಪದವಿ ಯಾವ ದೇಶದ್ದಾಗಿರಬೇಕು ಎಂಬ ಮಾತೇ ಅಲ್ಲಿಲ್ಲ. ಕಾಲೇಜುಗಳು ತಮ್ಮದೇ ವ್ಯಾಖ್ಯಾನ ಇಟ್ಟುಕೊಳ್ಳುವುದೂ ಉಂಟು: ಕಾಲೇಜು ಸೇರಿ ಅರ್ಧಕ್ಕೆ ಬಿಟ್ಟ ಪೋಷಕರ ಮಕ್ಕಳನ್ನು ಕೆಲವು ಒಳಗೊಳ್ಳುತ್ತವೆ, ಕೆಲವು ಒಳಗೊಳ್ಳುವುದಿಲ್ಲ. ಆದ್ದರಿಂದ ಅರ್ಜಿ ಹಾಕುವ ಪ್ರತಿ ಕಾಲೇಜಿನ ವಿವರಣೆಯನ್ನೂ ಓದಲೇಬೇಕು. ಹಲವು ಕಾಲೇಜುಗಳಿಗೆ ಒಟ್ಟಿಗೆ ಸಲ್ಲಿಸಬಹುದಾದ ಕಾಮನ್ ಆ್ಯಪ್ ಎಂಬ ಅರ್ಜಿಯಲ್ಲಂತೂ ತಂದೆ ತಾಯಿಯ ವಿದ್ಯಾಭ್ಯಾಸವನ್ನು ನೇರವಾಗಿಯೇ ಕೇಳುತ್ತಾರೆ.

ಈ ಗುರುತಿಗೆ ಇಷ್ಟು ಅಂಕ ಎಂಬ ಲೆಕ್ಕವಿದೆಯೆಂದು ಹಲವರು ಭಾವಿಸಿದ್ದಾರೆ. ಆದರೆ ನೂರಕ್ಕೆ ಹತ್ತು ಜನರಿಗೂ ಸೀಟು ಸಿಗದ ಕಾಲೇಜುಗಳಲ್ಲಿ ಅರ್ಜಿಯನ್ನು ಸಮಗ್ರವಾಗಿ ಓದುತ್ತಾರೆ. ಓದುವ ಅಧಿಕಾರಿ ಮಗುವಿನ ಸಾಧನೆಯನ್ನು ಅದರ ಶಾಲೆ ಮತ್ತು ಮನೆಯ ಪರಿಸ್ಥಿತಿಯ ಪಕ್ಕದಲ್ಲಿಟ್ಟು ತೂಗುತ್ತಾರೆ. ಪ್ರವೇಶದಲ್ಲಿ ಜನಾಂಗವನ್ನು ಪರಿಗಣಿಸುವ ಪದ್ಧತಿಗೆ 2023ರ ಜೂನ್‌ನಲ್ಲಿ ಅಮೆರಿಕದ ಸುಪ್ರೀಂ ಕೋರ್ಟ್ ತಡೆ ಹಾಕಿದ ಮೇಲೆ, ಕುಟುಂಬದ ಆದಾಯ ಮತ್ತು ಓದಿನ ಹಿನ್ನೆಲೆಯ ಮಾತು ಇನ್ನಷ್ಟು ಮುನ್ನೆಲೆಗೆ ಬಂದಿದೆ. ಅದೇ ಕಾಲೇಜಿನಲ್ಲಿ ಓದಿದವರ ಮಕ್ಕಳಿಗೆ ಸಿಗುವ ಲೆಗಸಿ ಆದ್ಯತೆ ಇದಕ್ಕೆ ತದ್ವಿರುದ್ಧವಾದದ್ದು. ಆಮ್ಹರ್ಸ್ಟ್ ಕಾಲೇಜು 2021ರಲ್ಲಿ ಅದನ್ನು ಕೈಬಿಟ್ಟಿತು. ಉಳಿದವರೂ ಕೈಬಿಡಬೇಕೆಂಬುದು ನನ್ನ ದೃಢವಾದ ನಿಲುವು.

ಪದವೀಧರರ ಮನೆಯಲ್ಲಿ ಯಾರೂ ಕೂರಿಸಿ ಕಲಿಸದಿದ್ದರೂ ಮಕ್ಕಳಿಗೆ ತಿಳಿದುಬಿಡುವ ಸಂಗತಿಗಳು ಎಷ್ಟಿರುತ್ತವೆ ಎಂಬುದು ನನಗೆ ಅರ್ಥವಾದದ್ದು, ಗ್ರಂಥಾಲಯವೊಂದರಲ್ಲಿ ಅರ್ಜಿ ತುಂಬುವ ಮಕ್ಕಳಿಗೆ ನೆರವಾಗಲು ಆರಂಭಿಸಿದ ಮೇಲೆ. ಪ್ರಕಟಿತ ಶುಲ್ಕವನ್ನು ಕಂಡೊಡನೆ ಹಿಂಜರಿಯುವ ಮಕ್ಕಳಿಗೆ, ಅತ್ಯಂತ ದುಬಾರಿ ಎನಿಸುವ ಕೆಲವು ಕಾಲೇಜುಗಳು ತಾವೇ ಕೊಡುವ ಹಣಕಾಸಿನ ನೆರವಿನಿಂದಾಗಿ ಬಡ ಕುಟುಂಬಕ್ಕೆ ಸರ್ಕಾರಿ ಕಾಲೇಜಿಗಿಂತ ಅಗ್ಗವಾಗಬಹುದು ಎಂದು ಹೇಳುವವರು ಮನೆಯಲ್ಲಿ ಇರುವುದಿಲ್ಲ. ಅರ್ಜಿ ಶುಲ್ಕಕ್ಕೆ ವಿನಾಯಿತಿ ಕೇಳಬಹುದೆಂಬುದೂ, ಕಡಿಮೆ ಆದಾಯದ ಮನೆಯ ಪ್ರತಿಭಾವಂತರನ್ನು ಕಾಲೇಜುಗಳೊಂದಿಗೆ ಜೋಡಿಸುವ ಕ್ವೆಸ್ಟ್‌ಬ್ರಿಡ್ಜ್‌ನಂಥ ಸಂಸ್ಥೆಯ ಮೂಲಕ ಪೂರ್ಣ ವಿದ್ಯಾರ್ಥಿವೇತನದೊಂದಿಗೆ ಪ್ರವೇಶ ದೊರೆಯಬಹುದೆಂಬುದೂ ಎಷ್ಟೋ ಮಕ್ಕಳಿಗೆ ತಡವಾಗಿ ತಿಳಿಯುತ್ತದೆ.

ಆ ಗ್ರಂಥಾಲಯಕ್ಕೆ ಬರುತ್ತಿದ್ದ ಹುಡುಗಿಯೊಬ್ಬಳು ಕಾಮನ್ ಆ್ಯಪ್‌ನ ಚಟುವಟಿಕೆಗಳ ಪಟ್ಟಿಯಲ್ಲಿದ್ದ ಹತ್ತು ಸ್ಥಾನಗಳಲ್ಲಿ ಎರಡನ್ನು ಮಾತ್ರ ತುಂಬಿದ್ದಳು. ಶಾಲೆ ಬಿಟ್ಟ ಮೇಲೆ ಏನು ಮಾಡುತ್ತೀ ಎಂದು ಕೇಳಿದಾಗ, ಇಬ್ಬರು ತಮ್ಮಂದಿರನ್ನು ಮನೆಗೆ ಕರೆತಂದು, ಊಟ ಮಾಡಿಸಿ, ಪಾಠ ಹೇಳಿಕೊಡುತ್ತೇನೆ, ವಾರಾಂತ್ಯದಲ್ಲಿ ಅಂಗಡಿಯಲ್ಲಿ ಕೆಲಸ ಮಾಡುತ್ತೇನೆ ಎಂದಳು. ಕೌಟುಂಬಿಕ ಜವಾಬ್ದಾರಿಗೂ ಸಂಬಳದ ಕೆಲಸಕ್ಕೂ ಆ ಅರ್ಜಿಯಲ್ಲೇ ಪ್ರತ್ಯೇಕ ವರ್ಗಗಳಿವೆ ಎಂದು ತೋರಿಸಿದಾಗ ಅವಳಿಗೆ ನಂಬಿಕೆಯೇ ಬರಲಿಲ್ಲ. ಪ್ರತಿಯೊಂದನ್ನೂ 150 ಅಕ್ಷರಗಳೊಳಗೆ ಹಿಡಿಸಲು ಆ ಸಂಜೆಯೆಲ್ಲ ಹಿಡಿಯಿತು.

ಕೊನೆಗೆ ಪೋಷಕರ ವಿದ್ಯಾಭ್ಯಾಸದ ಪುಟಕ್ಕೆ ಬಂದೆವು. ಅವಳ ತಂದೆ ಹೈಸ್ಕೂಲನ್ನೂ ಮುಗಿಸಿರಲಿಲ್ಲ. ಅವಳು ಬಹಳ ಹೊತ್ತು ಪರದೆಯನ್ನು ನೋಡುತ್ತ ಕುಳಿತಿದ್ದು, ಇದನ್ನು ಬರೆಯದೆ ಬಿಡಲು ಸಾಧ್ಯವಿದೆಯೇ ಎಂದು ಮೆಲ್ಲಗೆ ಕೇಳಿದಳು.