ಸವಾನ್ನಾ ನಕ್ಷೆ: ಸೈಟು, ಓಣಿ, ಚೌಕದ ಲೆಕ್ಕ

30×40 ಸೈಟಿನ ಲೆಕ್ಕ ಗೊತ್ತಿರುವವರಿಗೆ ಅಮೆರಿಕದ ಜಾರ್ಜಿಯಾ ರಾಜ್ಯದ ಸವಾನ್ನಾ ಊರಿನ ನಕ್ಷೆ ಬೇಗ ಅರ್ಥವಾಗುತ್ತದೆ. 1733ರಲ್ಲಿ ಈ ಊರು ಕಟ್ಟಿದ ಜೇಮ್ಸ್ ಓಗಲ್‌ಥಾರ್ಪ್ ಇಲ್ಲಿ ಹಾಕಿಸಿದ್ದು 60×90 ಅಡಿಯ ಸೈಟುಗಳು. ಐದೈದು ಸೈಟುಗಳ ಎರಡು ಸಾಲು, ನಡುವೆ 22.5 ಅಡಿಯ ಓಣಿ: ಇದು ಒಂದು ಟೈದಿಂಗ್. ಇಂಥ ನಾಲ್ಕು ಟೈದಿಂಗ್ ಸೇರಿದರೆ 40 ಮನೆ, ಒಂದು ವಾರ್ಡ್. ವಾರ್ಡಿನ ನಟ್ಟನಡುವೆ ಚೌಕ. ಚೌಕದ ಪೂರ್ವ, ಪಶ್ಚಿಮಕ್ಕೆ ಚರ್ಚು, ಸಾರ್ವಜನಿಕ ಕಟ್ಟಡಗಳಿಗೆಂದು ಎರಡೆರಡು ಟ್ರಸ್ಟ್ ಸೈಟು. ಊರು ಬೆಳೆದ ಹಾಗೆ ಇದೇ ಅಚ್ಚನ್ನು ಪಕ್ಕದಲ್ಲಿ ಒತ್ತುತ್ತ ಹೋದರು. 1851ರ ಹೊತ್ತಿಗೆ 24 ಚೌಕಗಳಾದವು.

ನೋಡಲು ಬಂದವರು ಓಕ್ ಮರ ನೋಡಿ ಹೋಗುತ್ತಾರೆ. ನನ್ನ ಪ್ರಕಾರ ನಿಂತು ನೋಡಬೇಕಾದದ್ದು ಮನೆಗಳ ಹಿಂಬದಿಯ ಓಣಿ. ಕುದುರೆಗಾಡಿಯ ಕೊಟ್ಟಿಗೆ ಅಲ್ಲಿತ್ತು. ಈಗ ಕಾರಿನ ಗ್ಯಾರೇಜು, ಕಸದ ಡಬ್ಬಿ ಅಲ್ಲೇ ಇವೆ. ಅದಕ್ಕೇ ಮುಂದಿನ ಬೀದಿಯಲ್ಲಿ ಮನೆಗಳು ಗೋಡೆಗೆ ಗೋಡೆ ಅಂಟಿ ನಿಂತಿವೆ. ಎತ್ತರದ ಮೆಟ್ಟಿಲುಗಳು ನೇರ ಫುಟ್‌ಪಾತಿಗೇ ಇಳಿಯುತ್ತವೆ, ಕಾರು ಅಡ್ಡ ಬರುವುದಿಲ್ಲ. ಹತ್ತು ಸೈಟು ಒಟ್ಟು ಮಾಡಿ ಓಣಿ ಮುಚ್ಚಿ ದೊಡ್ಡ ಕಟ್ಟಡ ಎಬ್ಬಿಸಿದರೆ ಗ್ಯಾರೇಜಿನ ಬಾಯಿ ಮುಂದಿನ ಬೀದಿಗೆ ಬರುತ್ತದೆ, ನಡೆಯುವವರ ದಾರಿ ಅಲ್ಲಿಗೆ ತುಂಡಾಗುತ್ತದೆ.

ಹಳೆಯ ಗೋಡೆಗಳಲ್ಲಿ ಕಾಣುವ 'ಸವಾನ್ನಾ ಗ್ರೇ' ಇಟ್ಟಿಗೆ ಹರ್ಮಿಟೇಜ್ ತೋಟದಲ್ಲಿ ಗುಲಾಮಗಿರಿಯಲ್ಲಿದ್ದ ಕಪ್ಪು ಜನ ಮಾಡಿದ್ದು. ಊರಿನ ಚೆಲುವಿನ ಮಾತು ಬಂದಾಗ ಇದನ್ನು ಬಿಟ್ಟು ಮಾತಾಡಬಾರದು. ಆ ಇಟ್ಟಿಗೆ ಮೆದು, ನೀರು ಹೀರುತ್ತದೆ. ರಿಪೇರಿಗೆ ಸುಣ್ಣದ ಗಾರೆಯೇ ಬೇಕು. ಗಟ್ಟಿ ಸಿಮೆಂಟು ತುಂಬಿದರೆ ತೇವ ಸಂದಿನಿಂದ ಹೊರಬರದೆ ಇಟ್ಟಿಗೆಯ ಮುಖವೇ ಚಕ್ಕೆ ಚಕ್ಕೆಯಾಗಿ ಉದುರುತ್ತದೆ.

ವಾಹನದ ಲೆಕ್ಕವೂ ನಕ್ಷೆಯಲ್ಲೇ ಇದೆ. ಬುಲ್ ಸ್ಟ್ರೀಟ್‌ನಲ್ಲಿ ಬರುವ ಕಾರು ಪ್ರತಿ ಚೌಕದಲ್ಲೂ ಸುತ್ತು ಹಾಕಲೇಬೇಕು, ವೇಗ ತಾನಾಗಿ ಇಳಿಯುತ್ತದೆ. ವಾರ್ಡ್‌ಗಳ ನಡುವಿನ ಡ್ರೇಟನ್, ವಿಟಕರ್ ಬೀದಿಗಳಲ್ಲಿ ಚೌಕವಿಲ್ಲ. ಅವನ್ನು ಒನ್‌ವೇ ಮಾಡಿದ ಮೇಲೆ ವೇಗವೆಲ್ಲ ಅಲ್ಲಿ ಸೇರಿದೆ. ರಸ್ತೆ ದಾಟುವಾಗ ಹುಷಾರಾಗಿರಬೇಕಾದದ್ದು ಅಲ್ಲಿ.

ದೊಡ್ಡ ಪೆಟ್ಟು ಬಿದ್ದದ್ದು 1935ರಲ್ಲಿ. ಹೆದ್ದಾರಿಗಾಗಿ ಮಾಂಟ್ಗೊಮರಿ ಬೀದಿಯನ್ನು ನೇರ ಮಾಡಿ ಫ್ರಾಂಕ್ಲಿನ್, ಲಿಬರ್ಟಿ, ಎಲ್ಬರ್ಟ್ ಚೌಕಗಳನ್ನು ಸೀಳಿದರು. 1954ರಲ್ಲಿ ಎಲ್ಲಿಸ್ ಚೌಕದ ಮಾರುಕಟ್ಟೆ ಕೆಡವಿ ಪಾರ್ಕಿಂಗ್ ಕಟ್ಟಡ ಎಬ್ಬಿಸಿದರು. ಮರುವರ್ಷವೇ ಏಳು ಮಹಿಳೆಯರು ಹಿಸ್ಟಾರಿಕ್ ಸವಾನ್ನಾ ಫೌಂಡೇಶನ್ ಕಟ್ಟಿ ಡೇವನ್‌ಪೋರ್ಟ್ ಎಂಬ ಹಳೆಯ ಮನೆಯನ್ನು ಉಳಿಸಿಕೊಂಡರು. ಅವರ ಸಂಸ್ಥೆ ಆಮೇಲೆ ಹಿಡಿದ ದಾರಿ ಸೊಗಸಾದದ್ದು: ಹಾಳುಬಿದ್ದ ಮನೆ ಕೊಳ್ಳುವುದು, ಕೆಡವಬಾರದು ಎಂಬ ಷರತ್ತನ್ನು ಕ್ರಯಪತ್ರಕ್ಕೇ ಸೇರಿಸಿ ಮಾರುವುದು, ಬಂದ ಹಣದಲ್ಲಿ ಮುಂದಿನ ಮನೆ ಕೊಳ್ಳುವುದು.

ಫ್ರಾಂಕ್ಲಿನ್ ಚೌಕ 1980ರ ದಶಕದಲ್ಲಿ ಮರಳಿ ಬಂತು. ಎಲ್ಲಿಸ್ 2010ರಲ್ಲಿ ತೆರೆಯಿತು, ಕಾರುಗಳು ಅದರ ನೆಲದಡಿ ಸೇರಿದವು. ಲಿಬರ್ಟಿ, ಎಲ್ಬರ್ಟ್ ಚೌಕಗಳಲ್ಲಿ ಇಂದು ಉಳಿದಿರುವುದು ಮಾಂಟ್ಗೊಮರಿ ಬೀದಿಯ ಅಂಚಿನ ಹುಲ್ಲಿನ ಚೂರು ಮಾತ್ರ.