ಮಡಿಕೇರಿಯ ಥಂಡಿಯಿಂದ ವಿಜಯಪುರದ ಧೂಳಿನವರೆಗೆ

ಆಗಸ್ಟ್ ತಿಂಗಳಲ್ಲಿ ಮಡಿಕೇರಿಯಿಂದ ಹೊರಟು ಹಳೇಬೀಡು, ಚಿತ್ರದುರ್ಗ, ಬಾದಾಮಿ ಮುಟ್ಟಿ ವಿಜಯಪುರ ಸೇರುವ ಐದು ದಿನದ ದಾರಿ ಇದು. ಈ ದಾರಿ ಹಿಡಿದವರು ಸಾಮಾನ್ಯವಾಗಿ ಕೋಟೆ, ಗುಡಿ, ಗುಮ್ಮಟ ಎಲ್ಲ ನೋಡಿ, ಹೊತ್ತು ಉಳಿದರೆ ಮ್ಯೂಸಿಯಂಗೆ ಕಾಲಿಡುತ್ತಾರೆ. ಇಲ್ಲಿ ಲೆಕ್ಕ ತಿರುಗುಮುರುಗು. ಮ್ಯೂಸಿಯಂಗಳೇ ಮುಖ್ಯ, ಅದರಲ್ಲೂ ಗಾಜಿನ ಹಿಂದಿರುವ ವಸ್ತು ಕೆಡದಂತೆ ನೋಡಿಕೊಳ್ಳುವ ಕೆಲಸ. ಹೊರಡುವ ಮುಂಚೆ ಒಂದು ಎಚ್ಚರ: ಹಳೇಬೀಡು, ಬಾದಾಮಿ, ವಿಜಯಪುರ ಮೂರೂ ಕಡೆ ಇರುವುದು ಭಾರತೀಯ ಪುರಾತತ್ವ ಸರ್ವೇಕ್ಷಣ ಇಲಾಖೆಯ ಮ್ಯೂಸಿಯಂಗಳು, ಶುಕ್ರವಾರ ರಜೆ. ಗುರುವಾರ ರಾತ್ರಿ ಬಾದಾಮಿಯಲ್ಲಿ ಇಳಿದರೆ ಮರುದಿನ ಪೂರ್ತಿ ಗುಹೆಗಳನ್ನೇ ನೋಡಬೇಕು. ಅದೇನು ನಷ್ಟವಲ್ಲ ಅನ್ನಿ. ಚೀಲದಲ್ಲಿ ಗಾಳಿಯ ತೇವಾಂಶ ಅಳೆಯುವ, ಅಂಗೈಯಗಲದ ಡಿಜಿಟಲ್ ಹೈಗ್ರೋಮೀಟರ್ ಒಂದಿದ್ದರೆ ಈ ಪ್ರವಾಸಕ್ಕೆ ಕ್ಯಾಮೆರಾಗಿಂತ ಹೆಚ್ಚು ಉಪಯೋಗ.

ಮಡಿಕೇರಿ ಕೋಟೆಯೊಳಗಿನ ಮ್ಯೂಸಿಯಂ ಇರುವುದು ಹಳೆಯ ಸೇಂಟ್ ಮಾರ್ಕ್ಸ್ ಚರ್ಚಿನಲ್ಲಿ, 1855ರ ಕಟ್ಟಡದಲ್ಲಿ. ಆಯುಧಗಳು, ಜೈನ ಶಿಲ್ಪಗಳು ಇಲ್ಲಿವೆ. ಹೊರಗೆ ಬಿಡದ ಸೋನೆ. ಮಳೆಗಾಲದಲ್ಲಿ ಈ ಊರಿನ ಗಾಳಿಯ ತೇವಾಂಶ ದಿನಗಟ್ಟಲೆ ಶೇ. 90ರ ಮೇಲೇ ನಿಲ್ಲುತ್ತದೆ. ಕಬ್ಬಿಣಕ್ಕೆ ತುಕ್ಕಿನ ಓಟ ಶುರುವಾಗುವುದು ಶೇ. 60–65 ದಾಟಿದ ಮೇಲೆ. ಮರ, ಬಟ್ಟೆ, ಚರ್ಮ, ಓಲೆಗರಿಗೆ ಬೂಷ್ಟು ಹಿಡಿಯುವುದೂ ಹೆಚ್ಚುಕಡಿಮೆ ಅಲ್ಲಿಂದಲೇ. ಇಂಥ ಹವೆಯಲ್ಲಿ ಜನ ಮಾಡುವ ಮೊದಲ ತಪ್ಪು, ಮುಗ್ಗಲು ವಾಸನೆ ಬಂತೆಂದು ಕಿಟಕಿ ತೆರೆಯುವುದು. ಒಳಗೆ ಶೇ. 75 ಇದ್ದು ಹೊರಗೆ 92 ಇರುವಾಗ ಕಿಟಕಿ ತೆರೆದರೆ ಮಳೆಯನ್ನೇ ಒಳಗೆ ಕರೆದಂತೆ. ಹೊರಗೂ ಒಳಗೂ ಹೈಗ್ರೋಮೀಟರ್ ನೋಡಬೇಕು, ಹೊರಗಿನ ಗಾಳಿ ಒಣಗಿದ್ದ ಹೊತ್ತಿನಲ್ಲಷ್ಟೇ ತೆರೆಯಬೇಕು. ಉಳಿದ ಹೊತ್ತು ಕಿಟಕಿ ಮುಚ್ಚಿ, ಒಳಗಿನ ಗಾಳಿ ನಿಂತು ಕೊಳೆಯದಂತೆ ಫ್ಯಾನ್ ತಿರುಗಿಸಿದರೆ ಸಾಕು. ಕಪಾಟುಗಳು ಹೊರಗೋಡೆಗೆ ಅಂಟಿರಬಾರದು, ನಡುವೆ 10 ಸೆಂ.ಮೀ. ಜಾಗ ಬೇಕು; ಕೆಳಗಿನ ಹಲಗೆ ನೆಲದಿಂದ 15 ಸೆಂ.ಮೀ. ಮೇಲಿರಬೇಕು.

ಕತ್ತಿ, ಕಠಾರಿಗಳ ಮೇಲೆ ತೆಂಗಿನೆಣ್ಣೆಯೋ ಹೊಲಿಗೆ ಯಂತ್ರದ ಎಣ್ಣೆಯೋ ಸವರುವುದು ಇನ್ನೊಂದು ಹಳೇ ಅಭ್ಯಾಸ. ಹಚ್ಚಿದ ದಿನ ಮಿರುಗುತ್ತದೆ. ಕ್ರಮೇಣ ಎಣ್ಣೆ ಅಂಟಾಗಿ ಧೂಳನ್ನು ಹಿಡಿದುಕೊಳ್ಳುತ್ತದೆ, ಧೂಳು ತೇವವನ್ನು ಹಿಡಿದುಕೊಳ್ಳುತ್ತದೆ, ಅದರ ಅಡಿಯಲ್ಲೇ ತುಕ್ಕು. ಸರಿಯಾದ ಕ್ರಮ ಸಪ್ಪೆಯಾದದ್ದು: ಕೈಗೆ ನೈಟ್ರೈಲ್ ಗ್ಲೌಸ್ (ಬೆವರಿನ ಉಪ್ಪು ಉಕ್ಕಿನ ಮೇಲೆ ಬೆರಳಚ್ಚನ್ನೇ ತುಕ್ಕಾಗಿ ಬರೆಯುತ್ತದೆ), ಮೃದುವಾದ ಬ್ರಷ್, ಸಡಿಲ ತುಕ್ಕನ್ನಷ್ಟೇ ತೆಗೆಯುವುದು, ಆಮೇಲೆ ಮೈಕ್ರೋಕ್ರಿಸ್ಟಲೈನ್ ಮೇಣದ ತೆಳ್ಳನೆ ಲೇಪ. ಉಪ್ಪುಕಾಗದ ಮುಟ್ಟಿಸಿದರೆ ಕೆತ್ತನೆಯೂ ಹೋಯಿತು, ಅಲಗಿನ ಅಂಚೂ ಹೋಯಿತು.

ಬೂಷ್ಟು ಕಂಡರೆ ಒದ್ದೆ ಬಟ್ಟೆಯಲ್ಲಿ ಒರೆಸುವಂತಿಲ್ಲ. ಬೀಜಾಣು ಹರಡಿ, ಕುಡಿಯಲು ನೀರೂ ಸಿಕ್ಕಂತಾಗುತ್ತದೆ. ವಸ್ತುವನ್ನು ಬೇರೆ ಕೋಣೆಗೆ ಒಯ್ದು ಮೊದಲು ತೇವ ಇಳಿಸಬೇಕು. ಬೂಷ್ಟು ಒಣಗಿ ಪುಡಿಯಾದ ಮೇಲೆ ಎನ್-95 ಮಾಸ್ಕ್ ಹಾಕಿಕೊಂಡು ಮೃದು ಬ್ರಷ್‌ನಿಂದ ಹೆಪಾ ಫಿಲ್ಟರ್ ಇರುವ ವ್ಯಾಕ್ಯೂಮ್ ಬಾಯಿಗೆ ತಳ್ಳಬೇಕು. ಅವಸರದಲ್ಲಿ ಹೀಟರ್ ಇಟ್ಟರೆ ಮರ ಬಿರಿಯುತ್ತದೆ. ಬೂಷ್ಟನ್ನಾದರೂ ತೆಗೆಯಬಹುದು, ಬಿರುಕು ಮಾತ್ರ ಮುಚ್ಚುವುದಿಲ್ಲ.

ಘಟ್ಟ ಹಿಂದೆ ಬಿದ್ದು ಹಾಸನದ ಕಡೆ ಇಳಿಯುತ್ತಿದ್ದಂತೆ ಹೈಗ್ರೋಮೀಟರಿನ ಅಂಕಿಯೂ ಇಳಿಯುತ್ತದೆ. ಹಳೇಬೀಡಿನಲ್ಲಿ ದೇವಸ್ಥಾನದ ಪಕ್ಕದ ಮ್ಯೂಸಿಯಂ ಮತ್ತು ಬಯಲು ಗ್ಯಾಲರಿಯಲ್ಲಿ ಬಳಪದ ಕಲ್ಲಿನ ಹೊಯ್ಸಳ ಶಿಲ್ಪಗಳಿವೆ. ಕೂದಲೆಳೆಯಷ್ಟು ಸೂಕ್ಷ್ಮ ಕೆತ್ತನೆ ಸಾಧ್ಯವಾಗಿದ್ದು ಕಲ್ಲು ಮೆತ್ತಗಿದ್ದುದರಿಂದ. ಗೀರು ಬೀಳುವುದೂ ಅದಕ್ಕೇ. ತಂತಿ ಬ್ರಷ್, ಆಸಿಡ್ ಎರಡೂ ನಿಷಿದ್ಧ. ಶಿಲ್ಪ ಎತ್ತುವಾಗ ಚಾಚಿದ ಕೈ, ಕಿರೀಟ, ಪ್ರಭಾವಳಿ ಹಿಡಿಯಬಾರದು. ಬುಡಕ್ಕೆ ಅಗಲ ನೈಲಾನ್ ಪಟ್ಟಿ, ನಡುವೆ ಫೋಮ್. ಎತ್ತುವ ಮೊದಲು ಇಳಿಸುವ ಜಾಗದಲ್ಲಿ ಮರದ ತುಂಡುಗಳು ಸಿದ್ಧವಿರಬೇಕು, ಬಾಗಿಲಿನ ಅಗಲ ಅಳೆದಿರಬೇಕು. ಇನ್ನೂರು ಕೆಜಿ ಕಲ್ಲು ನೇತಾಡುತ್ತಿರುವಾಗ ಟೇಪು ಹುಡುಕುವ ಸ್ಥಿತಿ ಯಾರಿಗೂ ಬೇಡ.

ಚಿತ್ರದುರ್ಗದಲ್ಲಿ ಮಾತು ನಾಣ್ಯಗಳದ್ದು. ಊರ ಪಕ್ಕದ ಚಂದ್ರವಳ್ಳಿಯಲ್ಲಿ ಪುರಾತತ್ವಜ್ಞರಾದ ಎಂ.ಎಚ್. ಕೃಷ್ಣ ಅವರೂ, 1947ರಲ್ಲಿ ಮಾರ್ಟಿಮರ್ ವ್ಹೀಲರ್ ಅವರೂ ಅಗೆಸಿದ್ದರು. ಶಾತವಾಹನರ ಕಾಲದ ಸೀಸದ ನಾಣ್ಯಗಳು, ಸದಕನ ಮಹಾರಠಿ ಎಂಬ ಹೆಸರಿರುವವೂ ಸೇರಿ, ಇಲ್ಲಿ ಸಿಕ್ಕಿವೆ. ಸೀಸಕ್ಕೆ ಮಳೆಗಿಂತ ದೊಡ್ಡ ಶತ್ರು ಚೆಂದದ ಮರದ ಕಪಾಟು. ಮರ, ಅದರಲ್ಲೂ ಹೊಸ ಮರ, ಪ್ಲೈವುಡ್, ಅಂಟು, ವಾರ್ನಿಷ್ ಇವೆಲ್ಲ ಅಸಿಟಿಕ್, ಫಾರ್ಮಿಕ್ ಆಮ್ಲದ ಆವಿ ಬಿಡುತ್ತವೆ. ಮುಚ್ಚಿದ ಡ್ರಾಯರಿನಲ್ಲಿ ಆ ಆವಿ ಹೋಗಲು ದಾರಿಯಿಲ್ಲದೆ ಸೀಸದ ಮೇಲೆ ಬಿಳಿ ಪುಡಿ ಹುಟ್ಟಿಸುತ್ತದೆ. ಪುಡಿ ಉದುರಿದಂತೆ ಬರಹವೂ ಉದುರುತ್ತದೆ. ಅದು ವಿಷ ಬೇರೆ, ಬರಿಗೈಯಲ್ಲಿ ಮುಟ್ಟಬಾರದು. ಪುಡಿಬಣ್ಣ ಬೇಯಿಸಿದ ಉಕ್ಕಿನ ಕಪಾಟು, ಒಳಗೆ ಪಾಲಿಥಿನ್ ಅಥವಾ ಪಾಲಿಪ್ರೊಪಿಲೀನ್ ಡಬ್ಬಿ ಸರಿ. ಪಿ.ವಿ.ಸಿ. ಪೌಚುಗಳು ಬೇಡವೇ ಬೇಡ. ಅವು ಹಳತಾದಂತೆ ಹೈಡ್ರೋಕ್ಲೋರಿಕ್ ಆಮ್ಲ ಬಿಟ್ಟು ತಾಮ್ರದ ನಾಣ್ಯಕ್ಕೆ ಹಸಿರು ಲೋಳೆ ಹಿಡಿಸುತ್ತವೆ. ತಾಮ್ರ, ಕಂಚಿನ ಮೇಲೆ ತಿಳಿ ಹಸಿರು ಪುಡಿಯ ಚುಕ್ಕಿ ಎದ್ದರೆ ಅದು ಮಾಮೂಲಿ ಕಿಲುಬಲ್ಲ, ಕ್ಲೋರೈಡಿನ ಕಾಟ. ಒಡನೆ ಬೇರೆ ಡಬ್ಬಿಗೆ ಹಾಕಿ, ತೇವಾಂಶ ಶೇ. 35ರ ಕೆಳಗಿರುವಂತೆ ಒಣಗಿಡಬೇಕು. ಅದಕ್ಕೆ ಲೋಹದ ತೂಕದಷ್ಟೇ ತೂಕದ, ತೇವ ಹೀರುವ ಸಿಲಿಕಾ ಜೆಲ್ ಎಂಬುದು ನೆನಪಿಡಲು ಸುಲಭದ ಅಳತೆ. ಕಿತ್ತಳೆ ಜೆಲ್ ಹಸಿರಾದರೆ 105 ಡಿಗ್ರಿಯ ಓವನ್‌ನಲ್ಲಿ ಕೆಲವು ಗಂಟೆ ಇಟ್ಟು ಮರಳಿ ಬಳಸಬಹುದು.

ನಾಣ್ಯಗಳ ಕತೆ ರಿಜಿಸ್ಟರಿನ ಕತೆಯೂ ಹೌದು. ಯಾವ ಪ್ರಾದೇಶಿಕ ಮ್ಯೂಸಿಯಂನಲ್ಲೂ ಗೆದ್ದಲಿಗಿಂತ ಹೆಚ್ಚು ಹಾನಿ ಮಾಡುವುದು ಸಂಖ್ಯೆ ಕಳೆದುಕೊಂಡ ವಸ್ತು. 2019.14.3 ಎಂದು ಬರೆದಿದ್ದರೆ 2019ರಲ್ಲಿ ಬಂದ 14ನೇ ಕಂತಿನ 3ನೇ ವಸ್ತು ಎಂದರ್ಥ. ನೆಲದಲ್ಲಿ ಸಿಕ್ಕಿ ನಿಧಿ ಕಾಯ್ದೆಯಡಿ ಜಿಲ್ಲಾಧಿಕಾರಿ ಮೂಲಕ ಬಂದ ನಾಣ್ಯದ ಗಡಿಗೆಯಾದರೆ ಗಡಿಗೆ 1, ನಾಣ್ಯಗಳು 2ರಿಂದ ಮುಂದಕ್ಕೆ. ಹೀಗಾದರೆ ಗಡಿಗೆಯೂ ನಾಣ್ಯವೂ ಕಾಗದದ ಮೇಲಾದರೂ ಅಗಲುವುದಿಲ್ಲ. ಪ್ರತಿ ನಾಣ್ಯಕ್ಕೆ ಎರಡೂ ಮುಖದ ಫೋಟೊ, ವ್ಯಾಸ, 0.01 ಗ್ರಾಂವರೆಗಿನ ತೂಕ. ತೂಕವನ್ನು ಜನ ಬೇಸರದ ಕೆಲಸ ಎನ್ನುತ್ತಾರೆ. ವರ್ಷದ ತಪಾಸಣೆಯಲ್ಲಿ ನಾಣ್ಯ ಬದಲಾಗಿದೆಯೇ ಎಂದು ಹೇಳುವುದು ಅದೇ ತೂಕ.

ರಿಜಿಸ್ಟರ್ ಹೊಲಿದು ಬೈಂಡ್ ಮಾಡಿದ್ದಿರಬೇಕು, ಪುಟಸಂಖ್ಯೆ ಅಚ್ಚಾಗಿರಬೇಕು. ತಪ್ಪಾದರೆ ಒಂದೇ ಗೆರೆ ಹೊಡೆದು ಪಕ್ಕದಲ್ಲಿ ಸಹಿ, ತಾರೀಖು, ವೈಟ್‌ನರ್ ಮುಟ್ಟುವಂತಿಲ್ಲ. ವಸ್ತು ಕಳೆದರೂ ಅದರ ಸಂಖ್ಯೆಯನ್ನು ಇನ್ನೊಂದಕ್ಕೆ ಕೊಡಬಾರದು. ಕೇಂದ್ರ ಸರ್ಕಾರದ ‘ಜತನ್’ ತಂತ್ರಾಂಶದಲ್ಲಿ ಎಲ್ಲ ಏರಿಸಿದ ಮೇಲೂ ಈ ಪುಸ್ತಕ ಬೇಕು, ಅದರ ಸ್ಕ್ಯಾನ್ ಪ್ರತಿ ಬೇರೆ ಕಟ್ಟಡದಲ್ಲಿರಬೇಕು. ಇನ್ನು ಸಂಖ್ಯೆ ಬರೆಯುವ ಬಗೆ: ಕಲ್ಲು, ಮಡಕೆ, ದೊಡ್ಡ ಲೋಹದ ವಸ್ತುವಾದರೆ ಕಣ್ಣಿಗೆ ಬೀಳದ ಜಾಗದಲ್ಲಿ ಅಸಿಟೋನಿನಲ್ಲಿ ಕರಗಿಸಿದ ಶೇ. 20ರ ಪ್ಯಾರಲಾಯ್ಡ್ ಬಿ-72 ಎಂಬ ಪಾರದರ್ಶಕ ರಾಳದ ಒಂದು ಲೇಪ, ಒಣಗಿದ ಮೇಲೆ ಶಾಯಿ, ಮೇಲೊಂದು ಲೇಪ. ಬೇಕೆಂದಾಗ ಅಸಿಟೋನಿನಲ್ಲೇ ಅಳಿಸಬಹುದು. ಬಟ್ಟೆಗೆ ಹತ್ತಿಯ ಪಟ್ಟಿಯ ಮೇಲೆ ಬರೆದು ಎರಡು ಹೊಲಿಗೆ, ಕಾಗದಕ್ಕೆ 2ಬಿ ಪೆನ್ಸಿಲ್. ನಾಣ್ಯದ ಮೇಲೆ ಏನೂ ಬರೆಯುವುದಿಲ್ಲ, ಡಬ್ಬಿಗೇ ಬರೆಯುವುದು.

ಬಾದಾಮಿಯ ಮ್ಯೂಸಿಯಂ ಕೆರೆಯ ಪಕ್ಕ, ಉತ್ತರದ ಬಂಡೆಬೆಟ್ಟದ ಬುಡದಲ್ಲಿದೆ. ಶಿಲ್ಪಗಳ ಷೆಡ್ ಆಗಿದ್ದದ್ದು 1982ರಲ್ಲಿ ಮ್ಯೂಸಿಯಂ ಆಯಿತು. ಒಳಗಿನ ಲಜ್ಜಾಗೌರಿ ಶಿಲ್ಪವನ್ನು ನಿಂತು ನೋಡಿ, ಆಮೇಲೆ ಹೊರಬಂದು ಇಲ್ಲಿನ ಕೆಂಪು ಮರಳುಗಲ್ಲನ್ನು ಗಮನಿಸಿ. ಕಲ್ಲಿನೊಳಗೆ ರಂಧ್ರಗಳು, ರಂಧ್ರಗಳಲ್ಲಿ ನೀರು ಏರುತ್ತದೆ, ನೀರಿನ ಜತೆ ಉಪ್ಪು. ನೀರು ಆವಿಯಾದಾಗ ಉಪ್ಪು ಮೇಲ್ಮೈಯ ಹಿಂದೆಯೇ ಹರಳುಗಟ್ಟಿ ಹಿಗ್ಗುತ್ತದೆ, ಪದರ ಎದ್ದು ಬರುತ್ತದೆ. ವೀರಗಲ್ಲು, ಶಾಸನಗಳ ಬುಡವನ್ನು ಸಿಮೆಂಟಿನಲ್ಲಿ ಹೂಳುವ ರೂಢಿ ನಾಡಿನಲ್ಲಿ ಎಷ್ಟೋ ಕಡೆ ಇದೆ. ಅದು ಕಲ್ಲಿಗೆ ಉಪ್ಪಿನ ಡ್ರಿಪ್ ಹಾಕಿಟ್ಟ ಹಾಗೆ. ನೆಲಕ್ಕೂ ಕಲ್ಲಿಗೂ ನಡುವೆ ಸೀಸದ ಹಾಳೆಯೋ ದಪ್ಪ ಪ್ಲಾಸ್ಟಿಕ್ಕೋ ಇರಬೇಕು, ಆಧಾರಕ್ಕೆ ಸ್ಟೇನ್‌ಲೆಸ್ ಸ್ಟೀಲ್ ಕೊಂಡಿ. ಉಪ್ಪು ತೆಗೆಯುವುದು ಕಾಗದದ ತಿರುಳಿನಿಂದ: ಡಿಸ್ಟಿಲ್ಡ್ ನೀರಿನಲ್ಲಿ ನೆನೆಸಿ ಹಿಂಡಿದ ತಿರುಳನ್ನು 1–2 ಸೆಂ.ಮೀ. ದಪ್ಪ ಮೆತ್ತಿ, ಪೂರ್ತಿ ಒಣಗಲು ಬಿಟ್ಟು ಕೀಳುವುದು. ಕಿತ್ತ ತಿರುಳನ್ನು ನೀರಿಗೆ ಹಾಕಿ ವಿದ್ಯುತ್ ವಾಹಕತೆ ಅಳೆದರೆ ಉಪ್ಪು ಎಷ್ಟು ಬಂತೆಂದು ಗೊತ್ತಾಗುತ್ತದೆ. ಅಂಕಿ ಇಳಿಯುವುದು ನಿಂತ ಮೇಲೆ ನಿಲ್ಲಿಸುವುದು. ಬಣ್ಣದ ಕುರುಹು ಇದ್ದರೆ, ಪದರ ಸಡಿಲಿದ್ದರೆ ಕೈ ಹಾಕಬಾರದು. ತಿರುಳು ಕೀಳುವಾಗ ಕಲ್ಲೂ ಬರುತ್ತದೆ.

ವಿಜಯಪುರದಲ್ಲಿ ಗೋಲ ಗುಮ್ಮಟಕ್ಕೆ ಓಡುವವರ ಎದುರಿಗೇ ನಗಾರಖಾನೆ. 1892ರಲ್ಲಿ ಶುರುವಾದ ಮ್ಯೂಸಿಯಂ ಅದರೊಳಗಿದೆ, 1982ರಿಂದ ಸರ್ವೇಕ್ಷಣ ಇಲಾಖೆಯದ್ದು. ರತ್ನಗಂಬಳಿ, ಹಸ್ತಪ್ರತಿ, ಚೀನೀ ಪಿಂಗಾಣಿ, ಬಿದರಿ ಸಾಮಾನು ಇಲ್ಲಿವೆ. ಈ ಬಯಲುಸೀಮೆಯಲ್ಲಿ ಬೂಷ್ಟಿನ ಭಯ ಕಡಿಮೆ. ಬೆಳಕು ಮತ್ತು ಧೂಳು ಕಾಡುತ್ತವೆ. ಬಣ್ಣದ ಬಟ್ಟೆ, ಕಾಗದಕ್ಕೆ 50 ಲಕ್ಸ್ (ಬೆಳಕಿನ ಅಳತೆ) ಮಿತಿ. ದಿನಕ್ಕೆ 8 ಗಂಟೆ, ವರ್ಷಕ್ಕೆ 300 ದಿನವೆಂದರೂ 1,20,000 ಲಕ್ಸ್-ಗಂಟೆ. ಮಾಸಿದ ಬಣ್ಣ ಕತ್ತಲಲ್ಲಿಟ್ಟರೆ ಮರಳುವುದಿಲ್ಲವಾದ್ದರಿಂದ ವಸ್ತುಗಳನ್ನು ಸರದಿಯ ಮೇಲೆ ಉಗ್ರಾಣಕ್ಕೆ ಕಳಿಸುತ್ತಾರೆ. ಗಂಬಳಿಯನ್ನು ಮಡಿಸಬಾರದು, ಮಡಿಕೆಯಲ್ಲೇ ನೂಲು ತುಂಡಾಗುತ್ತದೆ. ಕನಿಷ್ಠ 10 ಸೆಂ.ಮೀ. ವ್ಯಾಸದ ಕೊಳವೆಗೆ ತೊಳೆದ ಬಿಳಿ ಖಾದಿ ಸುತ್ತಿ, ಗಂಬಳಿಯ ಜೂಲು ಹೊರಮುಖವಾಗಿ ಸುರುಳಿ ಸುತ್ತಬೇಕು. ಕೊಳವೆಯ ಎರಡೂ ತುದಿ ಆಧಾರದ ಮೇಲಿದ್ದು ಗಂಬಳಿ ತೇಲಿದಂತಿರಬೇಕು.

ಬಿದರಿಯದ್ದು ಬೇರೆಯೇ ಸಂಕಟ. ಸತುವಿಗೆ ಸ್ವಲ್ಪ ತಾಮ್ರ ಬೆರೆಸಿ ಎರಕ ಹೊಯ್ದು, ಬೆಳ್ಳಿ ಕೂರಿಸಿ, ಕೊನೆಗೆ ಬೀದರ್ ಕೋಟೆಯ ಮಣ್ಣು, ನವಸಾಗರ ಹಾಕಿದ ನೀರಿನಿಂದ ಕಪ್ಪು ಬಣ್ಣ ಬರಿಸಿರುತ್ತಾರೆ. ಆ ಕಪ್ಪು ತೀರಾ ತೆಳುವಾದ ಪೊರೆ. ಬೆಳ್ಳಿ ಮಂಕಾಯಿತೆಂದು ಮನೆಯ ಬೆಳ್ಳಿ ಪಾತ್ರೆಗೆ ಬಳಸುವ ದ್ರಾವಣ ಹಚ್ಚಿದರೆ ಬೆಳ್ಳಿ ಹೊಳೆಯುತ್ತದೆ, ಪಕ್ಕದ ಕಪ್ಪು ಬೂದಿಬಣ್ಣಕ್ಕೆ ತಿರುಗುತ್ತದೆ. ಹೂಜಿಯ ಹೂಬಳ್ಳಿ ಆಮೇಲೆ ದೂರಕ್ಕೆ ಕಾಣುವುದೇ ಇಲ್ಲ. ಬೆಳ್ಳಿಯ ಎಳೆಯ ಮೇಲಷ್ಟೇ, ನುಣ್ಣನೆ ಸೀಮೆಸುಣ್ಣದ ಪುಡಿಯನ್ನು ಡಿಸ್ಟಿಲ್ಡ್ ನೀರಿನಲ್ಲಿ ಕಲಸಿ, ಕಡ್ಡಿಗೆ ಸುತ್ತಿದ ಹತ್ತಿಯಿಂದ, ಭೂತಗನ್ನಡಿಯ ಅಡಿಯಲ್ಲಿ ಉಜ್ಜುವುದು. ಅಂಗೈಯಗಲ ಜಾಗಕ್ಕೆ ಒಂದು ಮಧ್ಯಾಹ್ನ ಬೇಕು. ಹತ್ತಿಯ ತುದಿಗೆ ಮಸಿ ಹತ್ತುವುದು ಸಹಜ, ಅದು ಬೆಳ್ಳಿಯ ಮಂಕೇ; ಕಡ್ಡಿ ಮಾತ್ರ ಬೆಳ್ಳಿ ಬಿಟ್ಟು ಕಪ್ಪಿನ ಮೇಲೆ ಜಾರಬಾರದು. ಹತ್ತಿ ಕಪ್ಪಾದಾಗ ನಿಲ್ಲಿಸಿ ಹೊಸ ಹತ್ತಿ ಸುತ್ತಿಕೊಳ್ಳಬೇಕು.